ಮೂರು ಸಲ ತಿರುಗಿ ಹೇಳಿದ್ದು

ನಮ್ಮ ಬೀದಿಯಲ್ಲಿ ಯಂತ್ರದ ಮಾತು ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ನಡೆಯುವುದಿಲ್ಲ. ವಾರ್ಡ್ ಕಚೇರಿಯ ಗೋಡೆಯಲ್ಲಿ ಕೂತು ಮಾತಾಡುವ ಅದಕ್ಕೆ ಜಾಣಪ್ಪ ಎಂದು ಹೆಸರಿಟ್ಟಿದ್ದೇವೆ. ನೀರು, ದೀಪ, ಗಾಡಿಗಳು, ಅಂಗಡಿಗಳ ವೇಳೆ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆ. ಆದರೆ ಅವನ ತೀರ್ಮಾನ ಯಾರ ಬದುಕಿಗಾದರೂ ತಟ್ಟುವಂತಿದ್ದರೆ, ಮೊದಲು ಅದರ ಕಾರಣವನ್ನು ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹೇಳಬೇಕು. ಅತ್ತೆ ಅದನ್ನು ತನ್ನ ಮಾತಿನಲ್ಲಿ, ಎಲ್ಲರೆದುರು, ಆ ಮನುಷ್ಯನಿಗೆ ತಿರುಗಿ ಹೇಳಬೇಕು. ಮೂರು ಸಲ ಹೇಳಿದ ಮೇಲೂ ಅವನು "ಅರ್ಥ ಆಗ್ಲಿಲ್ಲ" ಎಂದರೆ ತೀರ್ಮಾನ ಬಿದ್ದುಹೋದಂತೆ.

ಅರ್ಥವಾಗಿದ್ದರೂ ಇಲ್ಲ ಎಂದು ಸುಳ್ಳು ಹೇಳಿದರಾಯಿತಲ್ಲ ಎಂದು ಬೇರೆ ಕಡೆಯವರು ಕೇಳುತ್ತಾರೆ. ಧಾರಾಳವಾಗಿ ಹೇಳಬಹುದು. ಆಮೇಲೆ ಸಿಕ್ಕಸಿಕ್ಕವರೆಲ್ಲ "ಈಗಲಾದ್ರೂ ಅರ್ಥ ಆಯ್ತಾ?" ಎಂದು ಕಾಲೆಳೆಯುವುದನ್ನು ವರ್ಷಗಟ್ಟಲೆ ಸಹಿಸಿಕೊಳ್ಳಬೇಕು.

ಅತ್ತೆಯನ್ನು ಈ ಕೆಲಸಕ್ಕೆ ಆರಿಸುವಾಗ ಪರೀಕ್ಷೆ ಗಿರೀಕ್ಷೆ ಏನೂ ನಡೆಯಲಿಲ್ಲ. ಬೀದಿಯಲ್ಲೇ ಜೋರು ಬಾಯಿ ಅವಳದ್ದು, ಅಷ್ಟೇ. ನನ್ನ ಬೇಕರಿಯ ಒಲೆಯನ್ನು ತಡವಾಗಿ ಹಚ್ಚಬೇಕೆಂದು ಜಾಣಪ್ಪ ಒಮ್ಮೆ ತೀರ್ಮಾನಿಸಿದ್ದ. ಯಾಕೆ ಎಂದು ಕೇಳಿದರೆ ಸುತ್ತಿ ಬಳಸಿ ಏನೇನೋ ಹೇಳಿದ. "ನಿನಗೇ ಸರಿಯಾಗಿ ಗೊತ್ತಿಲ್ಲ, ಅದನ್ನ ನನ್ನ ಬಾಯಲ್ಲಿ ಹೇಳಿಸ್ತೀಯಾ?" ಎಂದು ಅತ್ತೆ ಅವನ ನೀರಿಳಿಸಿದಳು. ಒಲೆ ಹಳೆಯ ವೇಳೆಗೇ ಉರಿಯಿತು.

ಹಾಗಾಗಿ ಅಪ್ಪನ ಸರದಿ ಬಂದಾಗ ನನಗೆ ಅತ್ತೆಯ ಮೇಲೆ ಪೂರ್ತಿ ಭರವಸೆ ಇತ್ತು. ಅಪ್ಪ ಬೀದಿಯ ವ್ಯಾನ್ ಓಡಿಸುವವನು. ತಾವೇ ಓಡುವ ಗಾಡಿಗಳು ಬೇಕಾದಷ್ಟಿವೆ. ಆದರೂ ಆಸ್ಪತ್ರೆಗೆ ಹೋಗುವವರು ಅಪ್ಪನಿಗೇ ಕಾಯುತ್ತಾರೆ. ಅವನು ಮೆಟ್ಟಿಲಿಳಿಯಲು ಕೈ ಕೊಡುತ್ತಾನೆ, ಹೆದರಿದವರಿಗೆ ತಲೆಬುಡವಿಲ್ಲದ ಜೋಕು ಹೇಳುತ್ತಾನೆ. ಆ ವ್ಯಾನ್ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿಲ್ಲ. ಅಂಥವನು ಇನ್ನು ಗಾಡಿ ಮುಟ್ಟಕೂಡದು ಎಂದು ಜಾಣಪ್ಪ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಕಚೇರಿಯ ಕೋಣೆ ತುಂಬಿಹೋಗಿತ್ತು. ದರ್ಜಿ ಕೊರಳಲ್ಲಿ ಟೇಪು ಇದ್ದ ಹಾಗೆಯೇ ಓಡಿಬಂದಿದ್ದ. ಅತ್ತೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಏನಪ್ಪಾ ಜಾಣಪ್ಪ, ನಮ್ಮಣ್ಣ ನಿನಗೇನು ಮಾಡಿದ?"

"ಎಡಗಡೆಯಿಂದ ಬರೋರು ಅವರಿಗೆ ತಡವಾಗಿ ಕಾಣ್ತಾರೆ," ಎಂದ ಜಾಣಪ್ಪ. "ಬ್ರೇಕ್ ತಡವಾಗಿ ಬೀಳ್ತಿದೆ."

"ಬ್ರೇಕೇ ಹಳೇದಾಗಿರಬಹುದಲ್ಲ?"

"ಇರಬಹುದು ಅಂತ ನಾನೂ ನೋಡಿದೆ. ಬಲಗಡೆಯಿಂದ ಬರೋರಿಗೆ ಅದೇ ಬ್ರೇಕ್ ಸರಿಯಾದ ಹೊತ್ತಿಗೆ ಬೀಳುತ್ತೆ."

ಜಗಳ ತೆಗಿ ಎಂದು ಅತ್ತೆಗೆ ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡದೆ ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿದಳು.

"ಅಣ್ಣಾ, ಎಡಗಡೆ ಬದಿಯಲ್ಲಿರೋದು ನಿನಗೆ ಕಾಣ್ತಿಲ್ಲ. ಮೊನ್ನೆ ಔಷಧಿ ಅಂಗಡಿ ಮೂಲೇಲಿ ಒಬ್ಬಳು ಹೆಂಗಸು ಮಗು ಎತ್ಕೊಂಡು ದಾಟ್ತಿದ್ಲು. ವ್ಯಾನಲ್ಲಿ ನಿನ್ನ ಪಕ್ಕ ಕೂತಿದ್ದ ನಾನು ಕಿರುಚಿದ ಮೇಲೆ ನೀನು ಬ್ರೇಕ್ ಹಾಕ್ದೆ. ಅವಳಿಗೆ ಗೊತ್ತೇ ಆಗ್ಲಿಲ್ಲ, ಮಗು ಜೊತೆ ಮಾತಾಡ್ತಾ ಹೋದ್ಲು."

ಇದು ಜಾಣಪ್ಪ ಹೇಳಿದ ಮಾತಲ್ಲ. ನನಗೂ ಗೊತ್ತಿರಲಿಲ್ಲ. ಒಡಹುಟ್ಟಿದ ಅಣ್ಣನನ್ನೇ ಎಲ್ಲರೆದುರು ಬಿಟ್ಟುಕೊಟ್ಟಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ಅರ್ಥ ಆಗ್ಲಿಲ್ಲ," ಎಂದ ಅಪ್ಪ.

ಅತ್ತೆ ಮತ್ತೆ ಹೇಳಿದಳು. ಅದೇ ಮೂಲೆ, ಅದೇ ಹೆಂಗಸು, ಅದೇ ಕಿರುಚಾಟ.

"ಅರ್ಥ ಆಗ್ಲಿಲ್ಲ."

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಇನ್ನೊಂದು ಸಲ ಅಂದುಬಿಟ್ಟರೆ ವ್ಯಾನ್ ಅಪ್ಪನದೇ. ಅಂದುಬಿಡಲಿ, ಜನ ಕಾಲೆಳೆದರೆ ಎಳೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತೆ ಮೂರನೆಯ ಸಲವೂ ಅಷ್ಟನ್ನೇ ಹೇಳಿ, ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅರ್ಥ ಆಯ್ತು," ಎಂದ ಅಪ್ಪ.

ಜಾಣಪ್ಪನಿಗೆ ತಡೆಯಲಾಗಲಿಲ್ಲ. "ಒಂದು ಕೇಳಬಹುದಾ? ಮೂರು ಸಲಾನೂ ಅವರು ಹೇಳಿದ್ದು ಒಂದೇ. ಕೊನೇಲಿ ಹೊಸದಾಗಿ ಏನು ಅರ್ಥ ಆಯ್ತು?"

"ಅರ್ಥ ಮೊದಲ್ನೇ ಸಲಾನೇ ಆಗಿತ್ತು ಕಣಯ್ಯಾ. ಮೊನ್ನೆ ಆ ಮೂಲೇಲಿ ನನಗೆ ಯಾವ ಹೆಂಗಸೂ ಕಾಣ್ಲಿಲ್ಲ. ಇವಳು ಸುಮ್ಸುಮ್ನೆ ಕಿರುಚಿದ್ಲು ಅಂದ್ಕೊಂಡಿದ್ದೆ."

"ನಾನು ಹೇಳಿದ್ದನ್ನ ನಂಬಬಹುದಿತ್ತಲ್ಲ?"

"ನೀನು ನೂರು ಸಲ ಕೇಳಿದ್ರೂ ಒಂದೇ ಥರ ಹೇಳೋನು. ತಪ್ಪಿದ್ರೂ ಅದನ್ನೇ ಹೇಳ್ತೀಯ. ಇವಳು ಹಾಗಲ್ಲ. ಚಿಕ್ಕವಳಿದ್ದಾಗಿಂದ ನೋಡಿದೀನಿ, ಇರುವೆ ಕಚ್ಚಿದ್ರೆ ಎರಡನೇ ಸಲ ಹೇಳುವಾಗ ಚೇಳಾಗಿರುತ್ತೆ, ಮೂರನೇ ಸಲಕ್ಕೆ ಹಾವು. ಇವತ್ತೂ ಬೆಳೆಯುತ್ತೆ ಅಂತ ಕಾದೆ."

ದರ್ಜಿ ನಗಲು ಹೋಗಿ ತಡೆದುಕೊಂಡ. ಅಪ್ಪ ಜೇಬಿನಿಂದ ವ್ಯಾನಿನ ಕೀ ತೆಗೆದು ಅತ್ತೆಯ ಕೈಯಲ್ಲಿಟ್ಟ. ಅವನ ಬೆರಳುಗಳು ಅದನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ಸಲಾನೂ ಒಬ್ಬಳೇ ಹೆಂಗಸು," ಎಂದ. "ಒಂದೇ ಮಗು."