ಮುಂದಿನ ಚಾಪೆ

"ಈ ಕಾಗೆಗಳಿಗೆ ಏನಾಯ್ತು, ಇವತ್ತು ಒಂದೂ ಕೂಗ್ತಿಲ್ವಲ್ಲ?"

ಹಿತ್ತಲಲ್ಲಿ ಯಾರೂ ಇರಲಿಲ್ಲ. ಜವರಯ್ಯ ಹಲ್ಲುಜ್ಜುತ್ತಿದ್ದ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು ಸುಮ್ಮನೆ ಆಡಿದ ಮಾತು ಅದು. ಆಡಿ ಮುಗಿಸುವಷ್ಟರಲ್ಲಿ ಗೋಡೆಯ ಮೇಲೆ ಕೂತಿದ್ದ ಕಾಗೆ ಕತ್ತು ಚಾಚಿ ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅದರ ಗಂಟಲು ಉಬ್ಬಿ ಇಳಿಯುವುದು ಚೆನ್ನಾಗಿ ಕಾಣುತ್ತಿತ್ತು. ಕಾಗೆ ಕೂಗುತ್ತಲೇ ಇತ್ತು. ಕೇಳದೆ ಹೋದದ್ದು ತನಗೆ.

ಕಿವಿ ಸ್ವಲ್ಪ ಮಂದವಾಗಿದೆ ಎಂದು ಅವನಿಗೆ ಮಳೆಗಾಲದಿಂದಲೇ ಗೊತ್ತಿತ್ತು. ನೆಗಡಿ ಇರಬೇಕು, ಇಳಿಯುತ್ತದೆ ಎಂದುಕೊಂಡಿದ್ದ. ಇಷ್ಟು ದೂರ ಹೋಗಿದೆ ಎಂದು ಗೊತ್ತಿರಲಿಲ್ಲ. ಬಾಯಿ ಮುಕ್ಕಳಿಸುವುದನ್ನೂ ಮರೆತು ಅವನು ಮೊದಲು ನೆನೆದದ್ದು ಸಂಜೆಯ ಕಾವ್ಯವಾಚನವನ್ನು. ರಾಮಮಂದಿರದೊಳಗೆ ಎಲ್ಲರಿಗಿಂತ ಮುಂದಿನ ಚಾಪೆಯನ್ನು.

ಜವರಯ್ಯ ಕೋರ್ಟಿನಲ್ಲಿ ದಲಾಯತನಾಗಿದ್ದವನು. ಎದೆಗೆ ಪಟ್ಟಿ, ಪಟ್ಟಿಗೆ ಹಿತ್ತಾಳೆಯ ಬಿಲ್ಲೆ. ಮಹಾರಾಜರ ಬಿಲ್ಲೆ ಹೋಗಿ ಹೊಸ ಸರ್ಕಾರದ ಬಿಲ್ಲೆ ಬಂದರೂ ಕೆಲಸ ಬದಲಾಗಿರಲಿಲ್ಲ. ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು. ನಿವೃತ್ತಿಯಾದ ಮೇಲೂ ಕೆಲವು ತಿಂಗಳು ಅವನು ಬೆಳಗಾದರೆ ಕನ್ನೇಗೌಡನ ಕೊಪ್ಪಲಿನ ಮನೆಯಿಂದ ಹೊರಟು ಕೋರ್ಟಿನ ಮುಂದಿನ ಮರದಡಿ ಹೋಗಿ ಕೂರುತ್ತಿದ್ದ. ಒಂದು ದಿನ ಹೊಸ ದಲಾಯತ ಬಂದು, "ನಿಮ್ದು ಯಾವ ಕೇಸು ಯಜಮಾನ್ರೇ?" ಎಂದು ಕೇಳಿದ. ಅವತ್ತೇ ಕೊನೆ. ಆಮೇಲೆ ಜಗಲಿಯ ಮೇಲೆ ಕೂತು ಬೀದಿ ನೋಡುವುದಾಯಿತು. ಅದೂ ಸಾಲದೆ ಒಳಗೆ ಬಂದು, ಹೆಂಡತಿ ಬೆಟ್ಟಮ್ಮ ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸುವುದಾಯಿತು. "ಕಲ್ಲಿಲ್ಲ ಕಣ್ರೀ ಅದ್ರಲ್ಲಿ, ಹುಡುಕ್ಬ್ಯಾಡಿ" ಎಂದು ಅವಳು ಗದರುತ್ತಿದ್ದಳು.

ಜಯಲಕ್ಷ್ಮಿಪುರಂನ ರಾಮಮಂದಿರದಲ್ಲಿ ಸಂಜೆ ಕಾವ್ಯ ಓದುತ್ತಾರೆ ಎಂದು ಕೇಳಿ ಹೋದದ್ದು ಆಗಲೇ. ಬಿಂದುಮಾಧವರಾಯರು ರಾಗವಾಗಿ ಪದ್ಯ ಓದುತ್ತಿದ್ದರು. ಜವರಯ್ಯ ಚಪ್ಪಲಿಗಳ ಪಕ್ಕ, ಹೊಸ್ತಿಲ ಹತ್ತಿರ ಕೂತ. ಕಡಕೊಳದಲ್ಲಿ ಹುಡುಗನಾಗಿದ್ದಾಗ ತಾತ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಂಥವನ್ನು ಕೇಳಿಸುತ್ತಿದ್ದ. ಓದಿದ ಪದ್ಯ ನೆಲಕ್ಕೆ ಬೀಳಬಾರದು, ಯಾರಾದರೂ ಕೈನೀಡಿ ತೆಗೆದುಕೊಳ್ಳಬೇಕು ಅನ್ನುವುದು ತಾತನ ಮಾತು. ಕಥೆ ನಡೆಯುವಾಗ "ಹ್ಞೂಂ" ಅನ್ನಬೇಕು. ವೀರರ ಮಾತು ಬಂದರೆ "ಭಲೇ". ದುಃಖ ಬಂದರೆ "ಶಿವ ಶಿವಾ". ಆ ಅಭ್ಯಾಸದಂತೆ ಜವರಯ್ಯ ಮೆಲ್ಲಗೆ "ಹ್ಞೂಂ" ಎಂದ.

ರಾಯರು ಓದುವುದನ್ನು ನಿಲ್ಲಿಸಿ ಕತ್ತೆತ್ತಿದರು. "ಬಾಗಿಲಲ್ಲಿ ಹ್ಞೂಂ ಅಂದೋರು ಯಾರ್ರೀ? ಮುಂದೆ ಬನ್ನಿ. ಇಷ್ಟು ದಿನ ಕಂಬಕ್ಕೆ ಓದಿದ ಹಾಗಿತ್ತು ನನಗೆ."

ಅಂದಿನಿಂದ ವ್ಯಾಸಪೀಠದ ಎದುರಿನ ಚಾಪೆ ಜವರಯ್ಯನದು. ಮಧ್ಯಾಹ್ನವೇ ಪಂಚೆ ಮಡಿಸಿಟ್ಟುಕೊಳ್ಳುತ್ತಿದ್ದ. ದಾರಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಿನ್ನೆ ಕಥೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಇವನಿಗೊಂದು ಹೊತ್ತು, ಒಂದು ಊರು ಮತ್ತೆ ಸಿಕ್ಕಿದಂತಾಗಿತ್ತು. ಆ ಚಾಪೆ ಹೋದರೆ ಉಳಿಯುವುದು ಜಗಲಿ, ಅಕ್ಕಿ, ಇಲ್ಲದ ಕಲ್ಲು.

ಅದಕ್ಕೇ ಅವನು ಬೆಟ್ಟಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಕಿವಿಯ ವಿಷಯ ಹೇಳಿರಲಿಲ್ಲ. ಅವಳು ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬಿಸಿ ನೋಡಿ ಕಿವಿಗೆ ಬಿಡುತ್ತಿದ್ದಳು. "ದೊಡ್ಡಾಸ್ಪತ್ರೆಗೆ ಒಂದ್ಸಲ ತೋರಿಸ್ಬುಡಿ" ಎಂದು ಕೂಗಿ ಹೇಳಿದರೆ, "ಮೆತ್ತಗೆ ಹೇಳು, ಬೀದಿಗೆ ಕೇಳುತ್ತೆ" ಎನ್ನುತ್ತಿದ್ದ.

ಕಾಗೆಯನ್ನು ನೋಡಿದ ಆ ದಿನವೂ ಅವನು ಹೋದ. ಕಾವ್ಯದಲ್ಲಿ ಯುದ್ಧ ನಡೆಯುತ್ತಿತ್ತು. ಒಬ್ಬ ಎಳೆಯ ವೀರ ಶತ್ರುಗಳ ನಡುವೆ ಒಬ್ಬನೇ ಹೊಕ್ಕಿದ್ದ. ಕೇಳಿಸುವುದು ಕಮ್ಮಿಯಾದಂತೆ ಜವರಯ್ಯ ಕಣ್ಣಿನಿಂದ ಕೇಳುವುದನ್ನು ಕಲಿತಿದ್ದ. ರಾಯರ ಎದೆ ಇಳಿದರೆ ಪದ್ಯ ಮುಗಿಯಿತು. ಕೈ ಮೇಲೆದ್ದರೆ ಬಾಣ ಹೊರಟಿತು. ಹಾಗೆ ಲೆಕ್ಕ ಹಾಕಿಯೇ ಹ್ಞೂಂ, ಭಲೇ ಅನ್ನುತ್ತಿದ್ದ. ರಾಯರ ಧ್ವನಿ ಸಣ್ಣಗಾಯಿತು. ಜವರಯ್ಯನಿಗೆ ಅದು ಪೂರ್ತಿ ಆರಿಹೋಯಿತು. ತುಟಿಗಳು ಮಾತ್ರ ಅಲುಗುತ್ತಿದ್ದವು. ಆಗ ರಾಯರು ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಕಣ್ಣು ಮುಚ್ಚಿದರು.

"ಭಲೇ! ಭಲೇ!" ಎಂದ ಜವರಯ್ಯ.

ರಾಯರು ಕಣ್ಣು ತೆರೆದು ಅವನನ್ನು ನೋಡಿದರು. ಕೈ ಮೇಲೆಯೇ ಇತ್ತು. ಏನೋ ಆಗಿದೆ ಎಂದು ಹೊಳೆದು ಜವರಯ್ಯ ತಿರುಗಿದ. ಹಿಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರು ಸೆರಗನ್ನು ಹಾಗೇ ಹಿಡಿದು ಅವನನ್ನೇ ನೋಡುತ್ತಿದ್ದರು. ವಾಚನದ ವ್ಯವಸ್ಥೆ ನೋಡಿಕೊಳ್ಳುವ, ನಿವೃತ್ತ ಹೆಡ್‌ಮಾಸ್ಟರ್ ಅನಂತಪದ್ಮನಾಭಯ್ಯನವರ ಮುಖ ಕೆಂಪಾಗಿತ್ತು.

ಆದದ್ದೇನು ಎಂದು ತಿಳಿದದ್ದು ಮನೆಗೆ ಹೋಗುವ ದಾರಿಯಲ್ಲಿ. ವಾಚನ ಕೇಳಿ ಹೊರಟಿದ್ದ ಅದೇ ಕೊಪ್ಪಲಿನ ಚಿಕ್ಕಣ್ಣ ಜೊತೆಗೆ ಬಂದ. ಅವನದು ಸಂತೆಯಲ್ಲಿ ತರಕಾರಿ ಕೂಗಿ ಮಾರಿದ ಗಂಟಲು. ಕೇಳದೇ ಇರುವಂತಿರಲಿಲ್ಲ.

"ಏನ್ ಜವರಯ್ಯ, ಆ ಹೆತ್ತ ತಾಯಿ ಮಗ ಸತ್ತ ಅಂತ ಎದೆ ಬಡ್ಕೊಂಡು ಅಳ್ತಾವ್ಳೆ, ನೀನು ಭಲೇ ಅಂತೀಯಲ್ಲೋ! ಅವ್ಳೇನು ನಿನ್ ದಾಯಾದೀನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ, "ರಾಯ್ರನ್ನ ಗೇಲಿ ಮಾಡ್ದ ಅಂತಾವ್ರೆ ಕಣೋ ಎಲ್ರೂ. ಬೇಕು ಅಂತ ಅಂದ್ಯಾ?"

ಬೇಕು ಅಂತ ಅಲ್ಲ ಎಂದರೆ ಮತ್ತೇಕೆ ಎನ್ನುತ್ತಾರೆ. ಕಿವಿ ಕೇಳಲಿಲ್ಲ ಎಂದರೆ, ಕಿವುಡನಿಗೆ ಮುಂದಿನ ಚಾಪೆ ಏಕೆ ಎನ್ನುತ್ತಾರೆ. "ಬಾಯಿ ತಪ್ಪಿ ಬಂದ್ಬುಡ್ತು" ಎಂದಷ್ಟೇ ಹೇಳಿದ ಜವರಯ್ಯ.

ಮರುದಿನ ಊಟ ಸೇರಲಿಲ್ಲ. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ, ಹೋದರೆ ಇನ್ನೊಂದು ತಪ್ಪಾದೀತು. ಪಂಚೆ ಉಟ್ಟ, ಬಿಚ್ಚಿದ, ಮತ್ತೆ ಉಟ್ಟ. ಬೆಟ್ಟಮ್ಮ ಸ್ವಲ್ಪ ವಾಸಿಯಾಗಿದ್ದ ಅವನ ಬಲಗಿವಿಯ ಹತ್ತಿರ ಬಂದು, "ರಾಯ್ರ ಕಾಲು ಹಿಡಿದು ನಿಜ ಹೇಳ್ಬುಡಿ. ದೇವ್ರಂಥೋರು" ಎಂದಳು. "ನಾಳೆ ಹೇಳ್ತೀನಿ" ಎಂದು ಹೊರಟ.

ಅವತ್ತು ಅವನು ತುಟಿ ಬಿಚ್ಚಲೇ ಇಲ್ಲ. ಒಂದು ಪದ್ಯ ಮುಗಿಸಿ ರಾಯರು ಅವನ ಕಡೆ ನೋಡಿದರು. ಜವರಯ್ಯ ತಲೆ ತಗ್ಗಿಸಿದ. ರಾಯರು ಕಾದರು. ಮುಂದಿನ ಪದ್ಯಕ್ಕೂ ಕಾದರು. ಆಮೇಲೆ ಕಾಯುವುದನ್ನು ಬಿಟ್ಟು ಒಂದೇ ಸಮನೆ ಓದಿಕೊಂಡು ಹೋದರು, ಬೇಗ ಬೇಗ, ಯಾರೋ ಓಡಿಸುತ್ತಿದ್ದಾರೆ ಎನ್ನುವ ಹಾಗೆ. ಕೋಪ ಬಂದಿದೆಯೋ, ನೊಂದಿದ್ದಾರೋ, ಮುಖ ನೋಡಿ ತಿಳಿಯಲಾಗಲಿಲ್ಲ. ಮಂಗಳಾರತಿಗೂ ನಿಲ್ಲದೆ ಜವರಯ್ಯ ಎದ್ದು ಬಂದ.

ಬೆಳಗ್ಗೆ ಅನಂತಪದ್ಮನಾಭಯ್ಯನವರೇ ಮನೆಗೆ ಬಂದರು. ಬೆಟ್ಟಮ್ಮ ಜಗಲಿಗೆ ಚಾಪೆ ಹಾಸಿ, ಕಾಫಿ ಕೊಟ್ಟು, ಬಾಗಿಲ ಹಿಂದೆ ನಿಂತಳು. ಮೇಷ್ಟ್ರು ಕೂತದ್ದು ಅವನ ಬಲಕ್ಕೆ. ತರಗತಿಯಲ್ಲಿ ಪಳಗಿದ ಅವರ ಧ್ವನಿ ಅಷ್ಟಿಷ್ಟು ಕೇಳುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದ.

"ಜವರಯ್ಯನವರೇ, ಸಮಾಪ್ತಿಗೆ ಯೂನಿವರ್ಸಿಟಿಯಿಂದ ಪಂಡಿತರು ಬರ್ತಾರೆ. ಅವರೆದುರು ಮೊನ್ನೆ ಹಾಗೆ ಆದ್ರೆ ನಮ್ಮ ಮಾನ ಏನಾಗಬೇಕು ಹೇಳಿ?"

"ರಾಯರು ಕಳಿಸಿದ್ರಾ?"

"ರಾಯರು ಏನೂ ಹೇಳಿಲ್ಲ. ನಾನಾಗೇ ಬಂದೆ."

ಜವರಯ್ಯ ಬಾಗಿಲ ಕಡೆ ನೋಡಿದ. ಬೆಟ್ಟಮ್ಮ ಹೇಳಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು.

"ಗೇಲಿ ಮಾಡ್ಲಿಲ್ಲ ಮೇಷ್ಟ್ರೇ, ದೇವರಾಣೆ. ನಂಗೆ ಕಿವಿ ಮಂದವಾಗದೆ. ರಾಯರ ಕೈ ನೋಡ್ಕೊಂಡು ಅಂದ್ಬುಟ್ಟೆ."

ಮೇಷ್ಟ್ರ ಮುಖ ಸಡಿಲವಾಯಿತು. "ಅಯ್ಯೋ, ಇಷ್ಟೇನಾ! ಮೊದಲೇ ಹೇಳಬಾರದಿತ್ತೇ?" ಎಂದು ಅವನ ಮೊಣಕಾಲು ತಟ್ಟಿದರು. ಜವರಯ್ಯ ನೆಮ್ಮದಿಯಿಂದ ತನ್ನ ಕಾಫಿಯ ಲೋಟ ಎತ್ತಿಕೊಂಡ.

"ಹಾಗಾದ್ರೆ ಸುಲಭವಾಯ್ತು," ಮೇಷ್ಟ್ರು ಮುಂದುವರಿಸಿದರು. "ಹಿಂದೆ ಕಂಬದ ಪಕ್ಕ ಒರಗೋ ಕುರ್ಚಿ ಹಾಕಿಸ್ತೀನಿ ನಿಮಗೆ. ಬೇಸರವಾದರೆ ಎದ್ದು ಹೋಗಬಹುದು, ಯಾರೂ ಕೇಳೋದಿಲ್ಲ. ಆದರೆ ನಾವು ಎಬ್ಬಿಸಿದೆವು ಅಂತ ಮಾತು ಬರಬಾರದು ನೋಡಿ. ನಿಮಗೂ ಅದು ಗೌರವ ಅಲ್ಲ. ಇವತ್ತು ಸಂಜೆ ನೀವೇ ನಿಂತು ಎರಡು ಮಾತು ಹೇಳಿಬಿಡಿ. ವಯಸ್ಸಾಯ್ತು, ಸ್ವಇಚ್ಛೆಯಿಂದ ಹಿಂದಕ್ಕೆ ಹೋಗ್ತಿದೀನಿ ಅಂತ."

ಸ್ವಇಚ್ಛೆಯಿಂದ. ಆ ಮಾತನ್ನು ಜವರಯ್ಯ ಕೋರ್ಟಿನ ಬಾಗಿಲಲ್ಲಿ ನಿಂತು ಎಷ್ಟೋ ಸಲ ಕೇಳಿದ್ದ. ಹಾಗೆಂದವರೆಲ್ಲ ನೆಲ ನೋಡುತ್ತಲೇ ಅಂದಿದ್ದರು. ಕಾಫಿಯ ಲೋಟವನ್ನು ಕೆಳಗಿಟ್ಟ.

"ಹೇಳ್ತೀರಲ್ವೇ?" ಮೇಷ್ಟ್ರು ಇನ್ನಷ್ಟು ಜೋರಾಗಿ ಕೇಳಿದರು.

"ಆಗಲ್ಲ ಮೇಷ್ಟ್ರೇ," ಎಂದ ಜವರಯ್ಯ. "ನೀವು ಬಂದು ಎಬ್ಬಿಸಿ, ಏಳ್ತೀನಿ. ನಾನಾಗೇ ಎದ್ದೆ ಅಂತ ಮಾತ್ರ ಹೇಳಲ್ಲ."