ಎರಡನೆಯ ಸಾಕ್ಷಿ

"ಹಾಗಾದರೆ ನಿನ್ನೆ ನಾನು ಕಂಡದ್ದು ಎಂತದು?"

ಕಾಪುವಿನ ತನ್ನ ಮನೆಯಂಗಳದಲ್ಲಿ ನಿಂತು ಮೊಯಿದಿನಬ್ಬ ಹಾಜಿ ಕೇಳಿದ್ದು ಯಾರನ್ನೂ ಅಲ್ಲ. ಪಡುವಣದಲ್ಲಿ, ದೀಪಸ್ತಂಭದ ನೆತ್ತಿಗಿಂತ ಎಷ್ಟೋ ಮೇಲೆ, ದಪ್ಪನೆಯ ಚಂದ್ರ ನಿಂತಿತ್ತು. ರಂಜಾನಿನ ಮೂವತ್ತನೆಯ ಉಪವಾಸ ಆಗಷ್ಟೇ ಬಿಟ್ಟಿದ್ದರು. ಬಾಯಲ್ಲಿ ಖರ್ಜೂರದ ಬೀಜ ಹಾಗೆಯೇ ಉಳಿದಿತ್ತು.

ಹೆಂಡತಿ ಜುಬೈದಾ ಬಾಗಿಲಿಗೆ ಬಂದಳು. "ಇದು ಎರಡನೆಯ ದಿನದ ಚಂದ್ರನೇ, ಹಬ್ಬ ಇವತ್ತೇ ಆಗಬೇಕಿತ್ತು. ನಿನ್ನೆಯೇ ಕಂಡೆ ಅಂದ ಶೇಕಬ್ಬನನ್ನು ಎಷ್ಟು ನಗಾಡಿದಿರಿ ನೀವೆಲ್ಲ! ಹಬ್ಬದ ದಿನ ಉಪವಾಸ ಹಿಡೀಬಾರದು ಅಂತ ಮದ್ರಸದ ಮಕ್ಕಳಿಗೂ ಗೊತ್ತುಂಟು. ಇವತ್ತು ಊರಿಗೆ ಊರೇ ಹಿಡಿಯಿತಲ್ಲ, ದೇವರೇ."

ಹಾಜಿ ಖರ್ಜೂರದ ಬೀಜವನ್ನು ಅಂಗಳಕ್ಕೆ ಉಗುಳಿದರು.

ನಿನ್ನೆ ಸಂಜೆ ಮಳೆ ಬಿಟ್ಟಾಗ ಕಡಲ ದಂಡೆಯಲ್ಲಿ ಹಬ್ಬದ ಚಂದ್ರ ಹುಡುಕುತ್ತ ಹತ್ತಿಪ್ಪತ್ತು ಮಂದಿ ಇದ್ದರು. ಮೋಡ ಒಂದು ಗಳಿಗೆ ಸೀಳಿತು. ಮೀನಿನ ಮುಳ್ಳಿನಷ್ಟು ಸಣ್ಣ ಬೆಳ್ಳನೆಯ ಗೆರೆ. ತೋರಿಸಲೆಂದು ಹಾಜಿಯ ಕೈ ತಾನಾಗಿ ಎದೆಮಟ್ಟಕ್ಕೆ ಏರಿತ್ತು. ಅಷ್ಟರಲ್ಲಿ ಪಕ್ಕದಿಂದ ಶೇಕಬ್ಬ ಕೂಗಿದ: "ಅಗೋ, ಚಂದ್ರ!"

ಸೈಕಲಿನಲ್ಲಿ ಕಟಪಾಡಿಯವರೆಗೆ ಮೀನು ಮಾರುವ ಶೇಕಬ್ಬ, ಹೋದ ವರ್ಷ ವಿಮಾನ ಎಳೆದ ಹೊಗೆಯ ಗೆರೆಯನ್ನು ಚಂದ್ರ ಎಂದು ಕೂಗಿ ಊರಲ್ಲೆಲ್ಲ ಹೆಸರಾದವನು.

"ಇವತ್ತಿನ ವಿಮಾನ ಎಲ್ಲಿಯದ್ದು ಮಾರಾಯ, ಬೊಂಬಾಯಿಯದ್ದಾ, ದುಬಾಯಿಯದ್ದಾ?" ಎಂದ ಯಾರೋ. ಎಲ್ಲರೂ ನಕ್ಕರು, ಹಾಜಿಯೂ. ಕೈ ಇಳಿಯಿತು. ಶೇಕಬ್ಬನಿಗೆ ಕಂಡದ್ದಾದರೆ ಅದು ಮೋಡದ ಅಂಚೇ ಇರಬೇಕು ಎಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಮತ್ತೆ ನೋಡುವಷ್ಟರಲ್ಲಿ ಮೋಡ ಮುಚ್ಚಿತ್ತು.

ಮಸೀದಿಯಲ್ಲಿ ಶೇಕಬ್ಬ ಆಣೆ ಇಟ್ಟು ಹೇಳಿದ. ಮಸೀದಿಯ ಗುರುಗಳಾದ ಖತೀಬರು ತಾಳ್ಮೆಯಿಂದ ಕೇಳಿ, "ಹಬ್ಬ ಮಾಡಲಿಕ್ಕೆ ಇಬ್ಬರ ಸಾಕ್ಷಿ ಬೇಕು. ಕಂಡವರು ಇನ್ನೊಬ್ಬರು ಯಾರಾದರೂ ಉಂಟಾ?" ಎಂದರು. ಎರಡು ಸಲ ಕೇಳಿದರು. ಜಮಾತಿನ ಅಧ್ಯಕ್ಷರಾದ ಹಾಜಿ ಮೊದಲ ಸಾಲಿನಲ್ಲಿ ಚಾಪೆಯ ಎಳೆ ಕೀಳುತ್ತ ಕೂತಿದ್ದರು. ಸುಳ್ಳು ಹೇಳಲಿಲ್ಲ. ಏನೂ ಹೇಳಲಿಲ್ಲ.

ಈಗ ಕೊಡೆ ಹಿಡಿದು ಅವರು ಶೇಕಬ್ಬನ ಮನೆಗೆ ನಡೆದರು. ಅವನು ಬಾವಿಕಟ್ಟೆಯ ಬಳಿ ಮೀನಿನ ಬುಟ್ಟಿ ತೊಳೆಯುತ್ತಿದ್ದ.

"ಬನ್ನಿ ಹಾಜಿಯವರೇ, ಕೂತುಕೊಳ್ಳಿ. ಕೈ ಕೊಡುವ ಹಾಗಿಲ್ಲ, ಮೀನಿನ ವಾಸನೆ."

ಹಾಜಿ ಕೂರಲಿಲ್ಲ. "ನಾಳೆ ಹಬ್ಬದ ನಮಾಜು ಕಳೆದ ಮೇಲೆ ಜನ ಕೇಳಿಯೇ ಕೇಳ್ತಾರೆ, ಶೇಕಬ್ಬ. ಊರಿನ ಎದುರು ನಾನು ಹೇಗೆ ನಿಲ್ಲುವುದು? ನಿನಗೂ ಸರಿಯಾಗಿ ಕಂಡಿರಲಿಲ್ಲ ಅಂತ ಒಂದು ಮಾತು ಹೇಳು. ಅಷ್ಟೇ."

ಬುಟ್ಟಿ ತಿಕ್ಕುತ್ತಿದ್ದ ಶೇಕಬ್ಬನ ಕೈ ನಿಂತಿತು.

"ನಿಮ್ಮ ಕೈ ಮೇಲೆ ಹೋದದ್ದನ್ನು ನಾನು ನೋಡಿದ್ದೆ."

ಹಾಜಿ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಮತ್ತೆ ಮಸೀದಿಯಲ್ಲಿ ಅದನ್ನು ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ಖತೀಬರು ಎರಡು ಸಲ ಕೇಳಿದರಲ್ಲ."

ದೂರದ ಮಸೀದಿಯಿಂದ ಅಲ್ಲಾಹು ಅಕ್ಬರ್ ಎನ್ನುವ ಹಬ್ಬದ ತಕ್ಬೀರು ಗಾಳಿಯಲ್ಲಿ ಬಂತು. ಇಬ್ಬರ ತುಟಿಯೂ ಅಭ್ಯಾಸದಿಂದ ಅಲುಗಿತು. ಹಾಜಿಯದು ನಡುವೆ ನಿಂತಿತು.

"ಒಂದೇ ಮಾತು, ಶೇಕಬ್ಬ. ನಿನ್ನನ್ನು ಹೇಗೂ ಜನ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಶೇಕಬ್ಬ ಬುಟ್ಟಿಯನ್ನು ಕವುಚಿ ಹಾಕಿದ. ನೀರು ಹಾಜಿಯ ಚಪ್ಪಲಿಯ ಅಂಚಿನವರೆಗೆ ಹರಿದು ಬಂತು.

"ಇಲ್ಲ ಹಾಜಿಯವರೇ," ಎಂದ. "ಹೇಳುವುದಿಲ್ಲ."