ಸಿರಿಯ ಕೂಗು

ಭಾನುವಾರ ಬೆಳಗ್ಗೆ ಕಲ್ಯ ಹಳ್ಳಿಯ ತವರುಮನೆಯ ಜಗಲಿಯಲ್ಲಿ ರಮ್ಯಾ ಮಗಳು ಸಿರಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲು ಪಾಲು ಮಾಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹಾರೋಹಳ್ಳಿಯ ಕಾರ್ಖಾನೆಯಿಂದ ಇದ್ರೀಸ್, ಅವಳ ಜೊತೆ ಕೆಲಸ ಮಾಡುವವನು.

"ಮೇಡಂ, ಎಡವಟ್ಟಾಗ್ಬುಟ್ಟೈತೆ. ಶಿಫ್ಟ್ ಟೈಮಿಗೆ ಸೂಪರ್‌ವೈಸರ್‌ಗಳ ಫೋನೆಲ್ಲ ಮಗು ಥರ ಕೂಗ್ತಾವೆ. 'ಅಮ್ಮಾ, ಎದ್ದೇಳಮ್ಮಾ, ಹೊತ್ತಾಯ್ತು' ಅಂತ. ಸೂಪರ್‌ವೈಸರ್ ಪುಟ್ಟಸ್ವಾಮಣ್ಣ, ಮ್ಯಾನೇಜರ್ ಮುಂದೆ ಮೀಸೆ ತಿರುವ್ಕೊಂಡು ನಿಂತಿದ್ರು, ಅವರ ಜೇಬಿಂದ್ಲೂ!"

ರಮ್ಯಾ ನಾಲಿಗೆ ಕಚ್ಚಿಕೊಂಡಳು.

ಹಾಗೆ ಕೂಗುತ್ತಿದ್ದುದು ಕಾರ್ಖಾನೆಯ ಶಿಫ್ಟು ತಿಳಿಸಲು ಅವಳೇ ಬರೆದ ಅಪ್ಲಿಕೇಶನ್. ಸೂಪರ್‌ವೈಸರ್‌ಗಳ ಕೈಯಲ್ಲಿ ಒಬ್ಬೊಬ್ಬರದು ಒಂದೊಂದು ಜಾತಿಯ ಫೋನು. ಹಾಗಾಗಿ ಎಲ್ಲಕ್ಕೂ ಒಂದೇ ವೆಬ್ ಪುಟ ಬರೆದು, ಅದರ ಸುತ್ತ ಆಯಾ ಫೋನಿಗೆ ಒಪ್ಪುವ ಪುಟ್ಟ ಪ್ರೋಗ್ರಾಮಿನ ಹೊದಿಕೆ ತೊಡಿಸಿದ್ದಳು. ಪುಟ ಎಲ್ಲದರಲ್ಲೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಜೇಬಿನಲ್ಲಿ ಮಲಗಿದ ಫೋನನ್ನು ಎಬ್ಬಿಸಿ ಗಂಟೆ ಬಾರಿಸುವುದು ಪುಟದ ಕೈಲಾಗುವ ಕೆಲಸವಲ್ಲ. ಅದನ್ನು ಹೊದಿಕೆಯಲ್ಲೇ ಬರೆಯಬೇಕು. ಗಂಟೆಯ ಪರೀಕ್ಷೆಗೆಂದು ಮಗಳು ಸಿರಿಯ ದನಿ ಹಾಕಿಕೊಂಡಿದ್ದಳು. ಪರೀಕ್ಷೆಗೆ ಯಾವ ಸದ್ದಾದರೂ ಸಾಕಿತ್ತು. ಹಾರೋಹಳ್ಳಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಅದನ್ನೇ ಮತ್ತೆ ಮತ್ತೆ ಕೂಗಿಸಿದಳು. ಕೊನೆಗೆ ತೆಗೆಯಲು ಮರೆತೇಬಿಟ್ಟಳು.

"ನೀನೇ ಒಸಿ ಬದಲಾಯ್ಸಪ್ಪ."

"ಪುಟದ ಕೆಲ್ಸ ಆಗಿದ್ರೆ ಇಲ್ಲಿಂದ್ಲೇ ತಿದ್‌ಬುಡ್ತಿದ್ದೆ. ಇದು ಹೊದಿಕೆದು, ನಂಗೆ ಬರಾಕಿಲ್ಲ. ಹೊಸದಾಗಿ ಕಟ್ಟಿ, ಒಂದೊಂದು ಫೋನಿಗೂ ಮತ್ತೆ ಹಾಕ್ಬೇಕು. ನೀವೇ ಬರ್ಬೇಕು ಮೇಡಂ."

ಒಳಗಿಂದ ಅವಳ ತಾಯಿ ಚಿಕ್ಕಲಕ್ಷ್ಮಮ್ಮ ಕೇಳಿಸಿಕೊಂಡರು. "ವಾರಕ್ಕೊಂದಿನ ಬರೋದು. ಅದ್ಕೂ ಕಲ್ಲು ಬಿತ್ತಾ?" ಎಂದವರು ಮೊಮ್ಮಗಳ ಸಪ್ಪೆ ಮುಖ ನೋಡಿ ನಗಿಸಲು ಹೋದರು. "ಕೇಳ್ದೇನೆ ಸಿರಿ, ಕಾರ್ಖಾನೆಗೆಲ್ಲ ನಿಂದೇ ಜೋರಂತೆ. ಇನ್ಮೇಲೆ ನೀನೇ ಸೂಪರ್‌ವೈಸರು!"

ಸಿರಿ ನಗಲಿಲ್ಲ. ಎರಡನೆಯ ಜಡೆ ಮುಗಿಯುವವರೆಗೂ ಅಲುಗದೆ ಕೂತಿದ್ದಳು.

ಗಂಡ ತೀರಿಕೊಂಡ ಮೇಲೆ ರಮ್ಯಾ ಹಾರೋಹಳ್ಳಿಯಲ್ಲಿ ನೌಕರಿ ಹಿಡಿದಿದ್ದಳು. ಅಲ್ಲಿನ ಕೋಣೆ ದುಡಿಯುವ ಹೆಂಗಸರಿಗೆ ಮಾತ್ರ, ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಬೇರೆ ಮನೆ ಹುಡುಕುತ್ತಲೇ ಇದ್ದಳು. ಪ್ರತಿ ಸಲ ಹೊರಡುವಾಗ ಸಿರಿ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಕೊನೆಗೆ "ಪೆನ್ಸಿಲ್ ತತ್ತೀಯಾ?" ಎನ್ನುತ್ತಿದ್ದಳು. ಆ ಬಾಯಲ್ಲಿದ್ದುದು ಪೆನ್ಸಿಲ್ ಅಲ್ಲವೆಂದು ರಮ್ಯಾಗೆ ಗೊತ್ತಿತ್ತು. ಮಗಳು ಅದನ್ನು ಕೇಳದಿದ್ದರೆ ಸಾಕು ಎಂದುಕೊಂಡೇ ಬಸ್ಸು ಹತ್ತುತ್ತಿದ್ದಳು.

ರಮ್ಯಾ ಚೀಲ ಹಿಡಿದು ರಸ್ತೆಗೆ ಬರುವಷ್ಟರಲ್ಲಿ ಮಾಗಡಿ ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿಸಿತು. ಸಿರಿ ಅಮ್ಮನ ಸೆರಗು ಹಿಡಿದಳು.

"ಪೆನ್ಸಿಲ್ ತಾನೇ? ತತ್ತೀನಿ ಬಂಗಾರಿ," ಎಂದಳು ರಮ್ಯಾ ಆತುರದಲ್ಲಿ.

"ಬ್ಯಾಡ." ಸೆರಗು ಇನ್ನೂ ಬಿಗಿಯಾಯಿತು. "ನಾನೂ ನಿನ್ ಜೊತೆ ಬಂದ್ಬುಡ್ಲೇನಮ್ಮ?"